ಬಳ್ಳಾರಿ ಸೀಮೆಯ ಚರಿತ್ರಸಾಧನಗಳೂ ಅವುಗಳ ಸಂರಕ್ಷಣೆಯೂ

ಒಂದು ಸೀಮೆಯ ಚರಿತ್ರೆಯು ಅರಸರ ಬಿರುದಾವಳಿಗಳಲ್ಲಿ ಮಾತ್ರವೇ ಅಡಗಿರುವುದಿಲ್ಲವೆಂಬುದನ್ನು ವಾಚಕ ಮಹಾಶಯರು ಬಲ್ಲರು. ಕೆರೆಯ ತೂಬನ್ನು ಕಟ್ಟಿಸಿದವರಾರು, ಬರಗಾಲದಲ್ಲಿ ಊರನ್ನು ಬಿಟ್ಟುಹೋದ ಮನೆಗಳೆಷ್ಟು, ಯಾವ ಹೊಲವು ಯಾವ ದೇವರ ಮಾನ್ಯವು, ಇವೆಲ್ಲವೂ ಚರಿತ್ರೆಯೇ. ಇಂಥ ಸಂಗತಿಗಳನ್ನು ಬರೆದಿಡುವವರು ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರಾಂತದಲ್ಲಿ ಹಿಂದೆ ಇಲ್ಲದೆ ಇರಲಿಲ್ಲ. ಬರೆದುದೆಲ್ಲವೂ ಎಲ್ಲಿ ಹೋಯಿತೆಂಬುದೇ ಈ ಲೇಖನದ ವಿಷಯವು.

೧೮೦೦ನೆಯ ಇಸವಿಯಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪೆನಿಯವರಿಗೆ ಬಿಟ್ಟುಕೊಡಲು, ಇದಕ್ಕೆ ದತ್ತಮಂಡಲವೆಂಬ ಹೆಸರಾಯಿತು. ಮನ್ರೋ ಸಾಹೇಬನು ಇದರ ಕಲೆಕ್ಟರನಾಗಿ ಬಂದನು. ಅದೇ ಕಾಲದಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯು ದಕ್ಷಿಣ ದೇಶದ ಮೋಜಣಿಯನ್ನು ಕೈಕೊಂಡು, ಭೂಮಿಯನ್ನು ಅಳೆಯಿಸುವುದರ ಜೊತೆಗೆ ಊರೂರಿನ ವೃತ್ತಾಂತವನ್ನೂ ಬರೆಯಿಸತೊಡಗಿದನು. ಅವನ ಬಳಿಯಲ್ಲಿದ್ದ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ನಮ್ಮ ದೇಶದ ವಿದ್ವಾಂಸರೇ ಈ ಕಾರ್ಯದ ನಿಜವಾದ ಕರ್ತೃಗಳೆಂದರೆ ತಪ್ಪಾಗಲಾರದು. ಊರ ಹಿರಿಯರನ್ನೂ ಕರಣಿಕರನ್ನೂ ಕೇಳಿ, ಹಳೆಯ ಕವಿಲೆಗಳನ್ನು ನೋಡಿ ಬರೆಯಿಸಿದ ಆ ವೃತ್ತಾಂತಗಳೇ ಕೈಫಿಯತ್ತುಗಳು. ಅವುಗಳಲ್ಲಿ ಕಟ್ಟುಕಥೆಯೂ ನಿಜವೂ ಬೆರೆತಿರುವುದುಂಟು. ಆದರೆ ಊರವರು ತಮ್ಮ ಊರನ್ನು ಕುರಿತು ಏನನ್ನು ನಂಬಿದ್ದರೆಂಬುದೂ ತಿಳಿಯತಕ್ಕ ವಿಷಯವಲ್ಲವೇ? ಮೆಕೆಂಜಿಯು ೧೮೨೧ರಲ್ಲಿ ತೀರಿಕೊಂಡನು. ಅವನ ಸಂಗ್ರಹದಲ್ಲಿ ದಕ್ಷಿಣ ಭಾಷೆಗಳ ಪ್ರತಿಗಳಲ್ಲಿ ಬಹುಪಾಲು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದುವು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕರೂಪವಾಗಿ ಹೊರಬಂದುದು ೧೯೯೪ರಲ್ಲಿ. ನಮ್ಮ ಅಜ್ಜಂದಿರು ಹೇಳಿದ ಮಾತು ನಮ್ಮ ಕೈಗೆ ಮರಳಿ ಬರಲು ಎರಡು ಶತಮಾನಗಳಿಗೆ ಸ್ವಲ್ಪವೇ ಕಡಿಮೆಯಾದ ಕಾಲ ಹಿಡಿಯಿತು.

ಕರಣಿಕರ ಮನೆಗಳಲ್ಲಿದ್ದ ಮೂಲ ಲೆಕ್ಕಗಳಾದರೋ ಕಡತಗಳಲ್ಲಿದ್ದುವು. ಈಗಿನ ತರುಣರು ಕಡತವೆಂದರೆ ಕಚೇರಿಯ ಕಾಗದದ ಕಟ್ಟೆಂದು ತಿಳಿಯುವರು. ಪೂರ್ವದ ಕಡತವು ಬಟ್ಟೆಯದು. ಹುಣಿಸೆಯ ಬೀಜದ ಸರಿಯಲ್ಲಿ ಇದ್ದಲಿನ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒದ್ದೆಯ ಬಟ್ಟೆಯಿಂದ ಒರೆಸಿ ಹೊಸದಾಗಿ ಬರೆಯಬಹುದಾಗಿತ್ತು. ಆಗಿನವರಿಗೆ ಅನುಕೂಲವಾಗಿದ್ದ ಈ ಗುಣವೇ ಈಗ ಅಪಾಯಕರವಾಗಿರುವುದು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಹಳೆಯ ಗಂಟುಗಳಿಗೆ ದಿಕ್ಕಿಲ್ಲದಾಯಿತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಅಟ್ಟದಿಂದ ಕೆಳಗಿಳಿದ ಕಡತವನ್ನು ಮನೆಯವರು ಧೂಳು ಹೋಗಲೆಂದು ಶ್ರದ್ಧೆಯಿಂದಲೇ ಒದ್ದೆಯ ಬಟ್ಟೆಯಲ್ಲಿ ಒರೆಸಿದರೆ, ನೂರೈವತ್ತು ವರ್ಷದ ಲೆಕ್ಕವು ಒಂದು ಗಳಿಗೆಯಲ್ಲಿ ಅಳಿದುಹೋಗುವುದು.

ಕಲ್ಲಿನ ಬರಹವು ಇದಕ್ಕಿಂತ ಗಟ್ಟಿಯೆಂದು ಸಮಾಧಾನಪಡಬಹುದೇ? ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಊರು. ದೊಡ್ಡಬಸವೇಶ್ವರನ ಏಕಶಿಲಾಮೂರ್ತಿಯಿಂದ ಪ್ರಸಿದ್ಧವಾದುದು. ಇಲ್ಲಿಯ ಸಿಂದ ರಾಚಮಲ್ಲನ ಶಕ ೧೦೯೫ರ (ಕ್ರಿ.ಶ. ೧೧೭೩) ಶಾಸನವನ್ನು ಬಾರ್ನೆಟ್ ಪಂಡಿತನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದನು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲಿರುವ ಅಶೋಕನ ಶಾಸನವಂತೂ ೧೯೭೦ರ ದಶಕದ ಕೊನೆಯ ವರ್ಷಗಳವರೆಗೆ ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ. ಅಶೋಕನ ಹೆಸರನ್ನೇ ಹೇಳುವ ಶಾಸನಗಳು ಭರತಖಂಡದಲ್ಲಿ ಬೆರಳೆಣಿಕೆಯವು. ಅವುಗಳಲ್ಲೊಂದು ನಮ್ಮ ತುಂಗಭದ್ರೆಯ ತೀರದಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದ್ದಿತು. ಅದನ್ನು ಯಾರೂ ಒಡೆಯದೆ ಇದ್ದುದು ನಮ್ಮ ಭಾಗ್ಯವು.

ಇಂಥ ಭಾಗ್ಯವು ಬಳ್ಳಾರಿಯ ನೆರೆಯ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿಗೆ ದೊರೆಯಲಿಲ್ಲ. ಅಲ್ಲಿ ನವಶಿಲಾಯುಗದ ಜನರು ಕಲ್ಗೊಡಲಿಗಳನ್ನು ಮಾಡಿದ ತಾಣಗಳೂ, ಬಂಡೆಗಳ ಮೇಲೆ ಎತ್ತುಗಳನ್ನು ಕೆತ್ತಿದ ಚಿತ್ರಗಳೂ, ಬಡಿದರೆ ಗಂಟೆಯಂತೆ ನಾದಗೈಯುವ ಕಲ್ಲುಗಳೂ ಇರುವುವು. ರಾಬರ್ಟ್ ಬ್ರೂಸ್ ಫೂಟನು ಇವುಗಳನ್ನು ಶೋಧಿಸಿ ಕೂಡಿಸಿದ ವಸ್ತುಗಳು ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಹೋದುವು. ೧೯೪೬ರಲ್ಲಿ ಬಿ. ಸುಬ್ಬರಾಯರು ಸಂಗನಕಲ್ಲಿನಲ್ಲಿ ಉತ್ಖನನ ನಡೆಯಿಸಿದರು. ಆದರೆ ಕಲ್ಲುಗಣಿಯ ಕೆಲಸದವರಿಗೆ ಚಿತ್ರದ ಬಂಡೆಯೂ ಬರಿಯ ಬಂಡೆಯೂ ಒಂದೇ. ಎಷ್ಟೋ ಭಾಗವು ಜಲ್ಲಿಯಾಗಿ ಹೋಯಿತು. ಬಳ್ಳಾರಿ ನಗರದಲ್ಲಿಯೇ ಫೂಟನ ಹೆಸರಿನ ಪ್ರಾಕ್ತನ ವಸ್ತುಸಂಗ್ರಹಾಲಯವು ಈಚೆಗೆ ಸ್ಥಾಪಿತವಾಗಿರುವುದು ಸಂತೋಷದ ಸಂಗತಿ. ನೆಲದೊಳಗಣ ವಸ್ತುವಿಗೆ ಮನೆಯಾಯಿತು. ಅಟ್ಟದ ಮೇಲಣ ಬರಹಕ್ಕೆ ಆಗಬೇಕಾಗಿದೆ.

ಈ ಕಾರ್ಯಕ್ಕೆ ಮಠಗಳಿಗಿಂತ ತಕ್ಕ ಸ್ಥಾನವು ಯಾವುದು? ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯೋಲೆಯ ಕಟ್ಟುಗಳು ಉಳಿದಿದ್ದುದರಿಂದಲೇ ವಿಜಾಪುರದ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು. ಪೂಜೆಗೆ ಇಟ್ಟ ಓಲೆಯನ್ನು ಬಿಚ್ಚಿ ಓದಲು ಕೊಡಲೊಲ್ಲದ ಮನೆಗಳೂ ಇದ್ದಿರಬೇಕು. ಅವರ ಸಂಕೋಚವನ್ನು ನಾವು ಹಗುರವಾಗಿ ಕಾಣಲಾಗದು. ಆದುದರಿಂದ ನಮ್ಮ ಸೂಚನೆಯು ಇಷ್ಟೇ: ಮೂಲವು ಮನೆಯವರದಾಗಿಯೇ ಇರಲಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಒಂದೊಂದು ಕೊಠಡಿಯನ್ನು ಗೊತ್ತುಮಾಡಿ, ಭಕ್ತರು ತಂದ ಕಡತ, ಓಲೆ, ಕ್ರಯಪತ್ರ, ಭಾವಚಿತ್ರಗಳ ಛಾಯಾಪ್ರತಿಯನ್ನು ತೆಗೆದು, ಅಂದೇ ಮೂಲವನ್ನು ಹಿಂದಕ್ಕೆ ಕೊಡತಕ್ಕದ್ದು. ಪ್ರತಿಯು ಕೇಳಿದವರೆಲ್ಲರಿಗೂ ಓದಲು ದೊರೆಯತಕ್ಕದ್ದು. ಬೀಗದೊಳಗಿಟ್ಟರೆ ಅಟ್ಟಕ್ಕೂ ಕೊಠಡಿಗೂ ಭೇದವೇನು? ಬರಹ ಬಾರದ ಹಿರಿಯರ ಬಾಯಿಂದ ಕೆರೆ, ಹೊಲ, ಬರ, ಜಾತ್ರೆಗಳ ಸಂಗತಿಗಳನ್ನೂ ಕೇಳಿ ಬರೆದುಕೊಳ್ಳಬೇಕು. ಕೈಫಿಯತ್ತಿನವರು ಕೇಳದೆ ಬಿಟ್ಟ ಹೆಂಗಸರನ್ನು ಮೊದಲು ಕೇಳುವುದು ಲೇಸು.

ತರುವವರು ಗಂಟನ್ನು ಒಣಗಿದ ಬಟ್ಟೆಯಲ್ಲಿ ಸುತ್ತಿ, ಯಾವ ಊರು, ಯಾವ ಮನೆ, ಯಾರ ಕಾಲದ್ದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೇಲಿಡಬೇಕು. ಧೂಳಿದ್ದರೆ ಇರಲಿ, ಒರೆಸಕೂಡದು.