ಚಿಕಲಠಾಣಾದಿಂದ ಯಾದಗಿರಿವರೆಗೆ: ದಖ್ಖನ್ನಿನ ಮಾತ್ರೆ ಕಾರ್ಖಾನೆಗಳ ಚರಿತ್ರೆ

ಭಾರತದ ಔಷಧೋದ್ಯಮದ ಚರಿತ್ರೆ ಬರೆದವರ ಕಣ್ಣು ಹೆಚ್ಚಾಗಿ ಮುಂಬಯಿ, ಹೈದರಾಬಾದ್, ಅಹಮದಾಬಾದುಗಳ ಮೇಲೆ ನೆಟ್ಟಿದೆ. ಕಂಪನಿಗಳ ಕೇಂದ್ರ ಕಚೇರಿಗಳು ಅಲ್ಲಿವೆ, ಷೇರುಪೇಟೆಯ ಸುದ್ದಿ ಅಲ್ಲಿಂದ ಬರುತ್ತದೆ. ಮಾತ್ರೆ ತಯಾರಾಗುವ ಊರುಗಳ ಚರಿತ್ರೆ ಬೇರೆ. ನಾಶಿಕದ ಅಂಬಡ, ಅದೇ ಜಿಲ್ಲೆಯ ಸಿನ್ನರ್, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನ ಚಿಕಲಠಾಣಾ ಮತ್ತು ವಾಳೂಜ್, ಈ ನಾಲ್ಕು ಕೈಗಾರಿಕಾ ಪ್ರದೇಶಗಳಿಂದ ಕ್ಷಯ, ಎಚ್‌ಐವಿ, ಆನೆಕಾಲು ರೋಗಗಳ ಮಾತ್ರೆಗಳು ಜಗತ್ತಿನ ಬಡ ದೇಶಗಳಿಗೆ ಹೋಗಿವೆ. ಈ ಮೂರೂ ರೋಗಗಳ ಹೊರೆ ಹೆಚ್ಚಾಗಿ ಬಿದ್ದಿರುವುದು ಔಷಧಿಗೆ ಕೈಯಿಂದ ದುಡ್ಡು ಕೊಡಲಾರದವರ ಮೇಲೆ. ಹಾಗಿದ್ದೂ ಇವುಗಳ ಔಷಧಿಗೆ ಇಷ್ಟು ದೊಡ್ಡ ತಯಾರಿಕೆ ಹೇಗೆ ನೆಲೆನಿಂತಿತು ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ಇಲ್ಲಿನ ಔಷಧಿಯ ಬೆಲೆಯನ್ನೂ ಗುಣಮಟ್ಟವನ್ನೂ ಕಡೆಗೆ ತೀರ್ಮಾನಿಸಿದವರು ಸಗಟಾಗಿ ಕೊಳ್ಳುವವರು. ಅವರು ಏನನ್ನು ಕೇಳಿದರೋ ಕಾರ್ಖಾನೆಗಳು ಅದನ್ನೇ ಕೊಟ್ಟವು.

ಕನ್ನಡ ಓದುಗರಿಗೆ ಔರಂಗಾಬಾದ್ ಎಂದರೆ ನೆನಪಾಗುವುದು ಎಲ್ಲೋರ, ರಾಷ್ಟ್ರಕೂಟರ ಕೈಲಾಸ ದೇಗುಲ, ಸೇವುಣರ ದೇವಗಿರಿ. ಇತ್ತೀಚಿನ ನಂಟೂ ಇದೆ. 1948ರ ಸೆಪ್ಟೆಂಬರ್ 17ರವರೆಗೆ ಔರಂಗಾಬಾದ್, ಕಲಬುರಗಿ, ರಾಯಚೂರು, ಬೀದರ ನಿಜಾಮರ ಒಂದೇ ಸಂಸ್ಥಾನದಲ್ಲಿದ್ದವು. ಹಿಂದುಳಿದ ನಾಡೆಂಬ ಹಣೆಪಟ್ಟಿಯೂ ಅವಕ್ಕೆ ಒಟ್ಟಿಗೇ ಬಂತು. ಔರಂಗಾಬಾದ್ ಸೇರಿದ ಮರಾಠವಾಡ ಮಹಾರಾಷ್ಟ್ರದ ಪಾಲಾದ ಮೇಲೆ ಅಲ್ಲಿನ ಸರ್ಕಾರ 1962ರಲ್ಲಿ ಕೈಗಾರಿಕಾ ಅಭಿವೃದ್ಧಿ ನಿಗಮ ಕಟ್ಟಿತು. 1964ರಿಂದ ಮುಂಬಯಿ, ಠಾಣೆ, ಪುಣೆಯ ಆಚೆ ಹೋಗುವ ಉದ್ಯಮಗಳಿಗೆ ರಿಯಾಯಿತಿ ಕೊಡತೊಡಗಿತು. ಚಿಕಲಠಾಣಾ, ಆಮೇಲೆ ವಾಳೂಜ್ ಬೆಳೆದದ್ದು ಈ ನೀತಿಯಿಂದ. ನಾಶಿಕದ ಅಂಬಡವೂ ಅದೇ ಹಾದಿಯಲ್ಲಿ ಬೆಳೆಯಿತು.

ಜಾಗ ಸಿಕ್ಕ ಮಾತ್ರಕ್ಕೆ ಔಷಧಿ ತಯಾರಾಗುವುದಿಲ್ಲ. ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿದ 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಔಷಧಿಯ ಅಣುವಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇದೆ ಎಂದು ಅದು ಹೇಳಿತು. ಅಂದರೆ ಬೇರೆ ದಾರಿಯಲ್ಲಿ ಅದೇ ಔಷಧಿ ಮಾಡಿದರೆ ತಪ್ಪಲ್ಲ. 2005ರ ಜನವರಿ 1ರಂದು ಉತ್ಪನ್ನ ಪೇಟೆಂಟ್ ಮರಳಿ ಬರುವವರೆಗಿನ ಈ ಅವಧಿಯಲ್ಲಿ ಭಾರತದ ರಸಾಯನಶಾಸ್ತ್ರಜ್ಞರು ಕಲಿತ ತಯಾರಿಕಾ ವಿದ್ಯೆಯೇ ಮುಂದಿನ ಎಲ್ಲಕ್ಕೂ ಬುನಾದಿ.

ಕ್ಷಯದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಕಥೆಗೆ ಬೆಂಗಳೂರಿನಲ್ಲೂ ಒಂದು ಬೇರಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕ್ಷೇತ್ರ ಅಧ್ಯಯನ ನಡೆಸಿ, 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರೂಪ ಕೊಟ್ಟಿತು. ರೋಗಿಯನ್ನು ಸ್ಯಾನಟೋರಿಯಂನಲ್ಲಿ ಇಡದೆ ಊರಿನಲ್ಲೇ ಮಾತ್ರೆ ಕೊಟ್ಟು ಗುಣಪಡಿಸುವುದು ಅದರ ತಿರುಳು. ಇದಕ್ಕೆ ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ಬೇಕು. ಐಸೋನಿಯಾಜಿಡ್ 1952ರಲ್ಲೇ ಬಂದಿತ್ತು. ಇಟಲಿಯ ಲೆಪೆಟಿಟ್ ಕಂಪನಿಯ ರಿಫಾಂಪಿಸಿನ್ 1960ರ ದಶಕದ ಕೊನೆಗೆ ಬಂದು ಚಿಕಿತ್ಸೆಯ ಅವಧಿಯನ್ನು ಕಡಿಮೆ ಮಾಡಿತು, ಆದರೆ ದುಬಾರಿಯಾಗಿತ್ತು. 1968ರಲ್ಲಿ ದೇಶಬಂಧು ಗುಪ್ತ ಅವರು ಆರಂಭಿಸಿದ ಲುಪಿನ್ ಕಂಪನಿ ಈ ಔಷಧಿಗಳನ್ನೇ ತನ್ನ ಮುಖ್ಯ ಕಸುಬಾಗಿ ಹಿಡಿಯಿತು. ಅದರ ಚಿಕಲಠಾಣಾ ಕಾರ್ಖಾನೆ ನಾಲ್ಕು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ ಸಂಯುಕ್ತ ಮಾತ್ರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಅಂದರೆ ಗುಣಮಟ್ಟ ನೋಡಿ ಖರೀದಿಗೆ ಮೊದಲೇ ಕೊಡುವ ಒಪ್ಪಿಗೆ, ಪಡೆಯಿತು.

ನಾಲ್ಕು ಪುಡಿ ಬೆರೆಸಿ ಒತ್ತುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳಬಹುದು. ಕಷ್ಟ ಇರುವುದು ಅಲ್ಲೇ. ರಿಫಾಂಪಿಸಿನ್ ಹೊಟ್ಟೆಯ ಆಮ್ಲದಲ್ಲಿ ಸ್ವಲ್ಪ ಒಡೆಯುತ್ತದೆ. ಪಕ್ಕದಲ್ಲಿ ಐಸೋನಿಯಾಜಿಡ್ ಇದ್ದರೆ ಒಡೆದ ಭಾಗ ಅದರೊಂದಿಗೆ ಕೂಡಿ ಬೇರೆ ಸಂಯುಕ್ತವಾಗುತ್ತದೆ, ಒಡೆಯುವ ವೇಗವೂ ಹೆಚ್ಚುತ್ತದೆ. ಮಾತ್ರೆಯ ಮೇಲೆ ಬರೆದ ಮಿಲಿಗ್ರಾಂ ಸರಿಯಾಗಿಯೇ ಇರುತ್ತದೆ, ರಕ್ತಕ್ಕೆ ಸೇರುವುದು ಮಾತ್ರ ಕಡಿಮೆ. ರಿಫಾಂಪಿಸಿನ್ ಹರಳಿನ ರೂಪ, ಕಣದ ಗಾತ್ರ, ಒಣಗಿಸುವ ಬಗೆ, ಮೇಲಿನ ಲೇಪನ, ಒಂದರಲ್ಲಿ ಎಡವಿದರೂ ಸಾಕು. ರೋಗಿಯ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಔಷಧಿ ಕೆಲಸ ಮಾಡುತ್ತಿದೆ ಎಂದು ಎಲ್ಲರೂ ನಂಬುತ್ತಾರೆ, ಒಳಗೆ ರೋಗಾಣು ಔಷಧಿಗೆ ಒಗ್ಗಿಕೊಳ್ಳುತ್ತಿರುತ್ತದೆ. ಇದನ್ನು ಅರಿತೇ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ, ರಿಫಾಂಪಿಸಿನ್ ರಕ್ತಕ್ಕೆ ಸೇರುವ ಪ್ರಮಾಣವನ್ನು ಮನುಷ್ಯರಲ್ಲಿ ಅಳೆದು ತೋರಿಸಿದ ಸಂಯುಕ್ತ ಮಾತ್ರೆಗಳನ್ನು ಮಾತ್ರ ಕೊಳ್ಳಿ ಎಂದು ಹೇಳಿತು. 2001ರಲ್ಲಿ ಪೂರ್ವಾರ್ಹತಾ ಕಾರ್ಯಕ್ರಮವೂ ಕ್ಷಯಕ್ಕಾಗಿ ಜಾಗತಿಕ ಔಷಧ ಖರೀದಿ ವ್ಯವಸ್ಥೆಯೂ ಶುರುವಾದವು. ಕಾಗದಪತ್ರ ತೋರಿಸದವನಿಗೆ, ತಪಾಸಣೆಗೆ ಬಾಗಿಲು ತೆರೆಯದವನಿಗೆ ಅಲ್ಲಿ ಆರ್ಡರ್ ಇಲ್ಲ. ಚಿಕಲಠಾಣಾದ ಗುಣಮಟ್ಟವನ್ನು ಕಟ್ಟಿದ್ದರಲ್ಲಿ ಈ ಷರತ್ತಿನ ಪಾಲು ದೊಡ್ಡದು. ಭಾರತದ ಸರ್ಕಾರಿ ಕಾರ್ಯಕ್ರಮ ದೇಶದಾದ್ಯಂತ ದಿನಾ ನುಂಗುವ ಸಂಯುಕ್ತ ಮಾತ್ರೆಗೆ ಬಂದದ್ದು 2017ರಲ್ಲಿ. ಇದು ತೀರಾ ತಡವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಚ್‌ಐವಿಯಲ್ಲೂ ಹೀಗೇ ಆಯಿತು, ಆದರೆ ವೇಗವಾಗಿ. 2001ರಲ್ಲಿ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಾಗ ಪಾಶ್ಚಾತ್ಯ ಕಂಪನಿಗಳ ಬೆಲೆ 10,000 ಡಾಲರಿನ ಆಸುಪಾಸಿನಲ್ಲಿತ್ತು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದರಿಂದ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮೊದಲ ಕೇಂದ್ರಗಳ ಪಟ್ಟಿಯಲ್ಲಿತ್ತು. ಹೈದರಾಬಾದಿನ ಮ್ಯಾಟ್ರಿಕ್ಸ್ ಲ್ಯಾಬೊರೇಟರೀಸ್ 2007ರಲ್ಲಿ ಅಮೆರಿಕದ ಮೈಲಾನ್ ಕಂಪನಿಯ ಕೈಗೆ ಹೋಯಿತು. ಅದರ ಸಿನ್ನರ್ ಘಟಕ, ಮುಂದೆ ಮೈಲಾನಿನ ವಾಳೂಜ್ ಘಟಕ ಈ ಮಾತ್ರೆಗಳ ದೊಡ್ಡ ತಯಾರಿಕಾ ತಾಣಗಳಾದವು. 2017ರ ಸೆಪ್ಟೆಂಬರಿನ ಒಪ್ಪಂದ ಇಲ್ಲಿ ಮುಖ್ಯ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಸೇರಿದ ದಿನಕ್ಕೊಂದು ಮಾತ್ರೆಯನ್ನು ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 75 ಡಾಲರಿಗೆ ಕೊಡಲು ಮೈಲಾನ್ ಮತ್ತು ಅರಬಿಂದೊ ಒಪ್ಪಿದವು. ಡೊಲುಟೆಗ್ರವಿರ್ ಪೇಟೆಂಟಿನಲ್ಲಿದ್ದ ಹೊಸ ಔಷಧಿ. ಬೇರೆ ತಯಾರಕರಿಗೆ ಪೇಟೆಂಟ್ ಬಳಸಲು ಅನುಮತಿ ಕೊಡಿಸುವ ಪೇಟೆಂಟ್ ಪೂಲ್ ಮೂಲಕ ಪರವಾನಗಿ, ಇಷ್ಟು ಕೊಳ್ಳುತ್ತೇವೆಂಬ ದಾನಿಗಳ ಖಾತರಿ, ದೊಡ್ಡ ಪ್ರಮಾಣದ ತಯಾರಿಕೆ, ಮೂರೂ ಕೂಡಿದ್ದರಿಂದ ಆ ಬೆಲೆ ಬಂತು.

ಆನೆಕಾಲು ರೋಗಕ್ಕೆ ಕೊಡುವ ಆಲ್ಬೆಂಡಜೋಲ್ ಮಾತ್ರೆಯಲ್ಲಿ ಮಾರಾಟವೇ ಇಲ್ಲ. ಆಲ್ಬೆಂಡಜೋಲ್ 1970ರ ದಶಕದಲ್ಲಿ ಸ್ಮಿತ್‌ಕ್ಲೈನ್ ಕಂಪನಿಯ ಪಶು ಔಷಧ ವಿಭಾಗದಲ್ಲಿ ಹುಟ್ಟಿತು, ಕುರಿ ದನಗಳ ಹೊಟ್ಟೆಹುಳಕ್ಕೆಂದು. 1998ರಲ್ಲಿ ಆ ಕಂಪನಿಯ ಉತ್ತರಾಧಿಕಾರಿ ಸಂಸ್ಥೆ, ರೋಗ ತೊಲಗುವವರೆಗೂ ಈ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದಾನವಾಗಿ ಕೊಡುವುದಾಗಿ ಘೋಷಿಸಿತು. ಗ್ಲಾಕ್ಸೊ ಜೊತೆ ವಿಲೀನವಾದ ಬಳಿಕ ಆ ಮಾತನ್ನು ನಡೆಸುವ ಕಾರ್ಖಾನೆಗಳಲ್ಲಿ ಅಂಬಡದ್ದೂ ಸೇರಿತು. ಶಾಲಾ ಮಕ್ಕಳ ಜಂತುಹುಳಕ್ಕೆಂದು ವರ್ಷಕ್ಕೆ 40 ಕೋಟಿ ಮಾತ್ರೆಗಳ ಹೆಚ್ಚಿನ ಹೊಣೆಯನ್ನೂ ಕಂಪನಿ 2010ರಲ್ಲಿ ಹೊತ್ತುಕೊಂಡಿತು. ಅದೇ ಕಂಪನಿ ಕೋಲಾರದ ವೇಮಗಲ್‌ನಲ್ಲಿ ಸುಮಾರು 1,000 ಕೋಟಿ ರೂಪಾಯಿ ಹಾಕಿ ಹೊಸ ಕಾರ್ಖಾನೆ ಕಟ್ಟಿತು. ಅದರ ಮುಖ್ಯ ಆಸರೆ ಹೊಟ್ಟೆಯ ಆಮ್ಲ ತಗ್ಗಿಸುವ ರಾನಿಟಿಡಿನ್ ಮಾತ್ರೆ. 2019ರಲ್ಲಿ ಆ ಮಾತ್ರೆಯಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಕಂಡುಬಂದು ಮಾರಾಟ ನಿಂತಿತು. ವೇಮಗಲ್ ಘಟಕ 2021ರಲ್ಲಿ ಹೆಟಿರೊ ಕಂಪನಿಗೆ 180 ಕೋಟಿಗೆ ಮಾರಾಟವಾಯಿತು. ಒಂದೇ ಔಷಧಿಯನ್ನು ನೆಚ್ಚಿದ ಕಾರ್ಖಾನೆಯ ಗತಿ ಇದು.

ಆಲ್ಬೆಂಡಜೋಲ್ ಕೊನೆಗೆ ತಲುಪುವ ಜಾಗವನ್ನು ನೋಡಲು ಯಾದಗಿರಿಗೆ ಬರಬೇಕು. ಆನೆಕಾಲು ರೋಗ ತಡೆಯಲು ಐವರ್ಮೆಕ್ಟಿನ್, ಡಿಇಸಿ (ಡೈಈಥೈಲ್‌ಕಾರ್ಬಮಜೈನ್), ಆಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ಇಡೀ ಸಮುದಾಯಕ್ಕೆ ಕೊಟ್ಟರೆ ಅಪಾಯವಿಲ್ಲವೇ ಎಂಬ ಪ್ರಶ್ನೆಗೆ ಐದು ದೇಶಗಳಲ್ಲಿ ಅಧ್ಯಯನ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ, ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನೇತೃತ್ವದಲ್ಲಿ. ಈ ಕ್ರಮದಲ್ಲಿ ಮಾತ್ರೆ ಕೊಡುವ ಕಾರ್ಯಕರ್ತೆಯ ಕೈಯಲ್ಲಿ ತೂಕದ ಯಂತ್ರ ಇರುವುದಿಲ್ಲ, ಅಳತೆಯ ಕೋಲು ಇರುತ್ತದೆ. ಎತ್ತರ 90ರಿಂದ 119 ಸೆಂ.ಮೀ. ಇದ್ದರೆ ಐವರ್ಮೆಕ್ಟಿನ್ ಒಂದು, 158 ದಾಟಿದರೆ ನಾಲ್ಕು. ಡಿಇಸಿ ವಯಸ್ಸು ನೋಡಿ. ಆಲ್ಬೆಂಡಜೋಲ್ ಎಲ್ಲರಿಗೂ ಒಂದೇ, 400 ಮಿಲಿಗ್ರಾಂ. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಇಲ್ಲ. ಮಾತ್ರೆಯನ್ನು ಮನೆಗೆ ಕೊಟ್ಟು ಹೋಗುವಂತಿಲ್ಲ, ಎದುರಿಗೇ ನುಂಗಿಸಬೇಕು. ಕಾರ್ಖಾನೆಯ ಲೆಕ್ಕ ಕೋಟಿಗಳಲ್ಲಿರಬಹುದು, ರೋಗ ನಿಲ್ಲುವುದು ಈ ನುಂಗಿಸುವ ಕೆಲಸದಿಂದ.

ಹೊಸ ಔಷಧಿಯ ಸಂಶೋಧನೆಯೂ ಔರಂಗಾಬಾದಿನಲ್ಲಿ ನಡೆದಿದೆ. ವೋಕಾರ್ಡ್ ಕಂಪನಿ 2003ರಲ್ಲಿ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ತಂದಿತು. ಮರುವರ್ಷ ಬೆಂಗಳೂರಿನ ಬಯೋಕಾನ್ ಬೇರೆ ಜಾತಿಯ ಯೀಸ್ಟಿನಿಂದ ತನ್ನದನ್ನು ತಂದಿತು. ವೋಕಾರ್ಡಿನ ಚಿಕಲಠಾಣಾ ಸಂಶೋಧನಾ ಕೇಂದ್ರದಿಂದ ಬಂದ ನ್ಯಾಫಿಥ್ರೊಮೈಸಿನ್, ಅಜಿಥ್ರೊಮೈಸಿನ್‌ಗೆ ಬಗ್ಗದ ನ್ಯುಮೋನಿಯಾಕ್ಕೆ ದಿನಕ್ಕೊಮ್ಮೆಯಂತೆ ಮೂರು ದಿನ ಕೊಡುವ ಪ್ರತಿಜೈವಿಕ. 2024ರ ನವೆಂಬರಿನಲ್ಲಿ ಅದನ್ನು ಅನಾವರಣ ಮಾಡುವಾಗ ಕೇಂದ್ರ ಸರ್ಕಾರ ಹೇಳಿದ ಲೆಕ್ಕ 14 ವರ್ಷದ ಶ್ರಮ, 500 ಕೋಟಿ ರೂಪಾಯಿ ವೆಚ್ಚ. ಇದೇ ಕಂಪನಿಯ ವಾಳೂಜ್ ಘಟಕದ ಮೇಲೆ 2013ರ ಮೇ ತಿಂಗಳಲ್ಲಿ, ಚಿಕಲಠಾಣಾ ಘಟಕದ ಮೇಲೆ ನವೆಂಬರಿನಲ್ಲಿ ಅಮೆರಿಕದ ನಿಯಂತ್ರಕರು ಆಮದು ತಡೆ ಹೇರಿದ್ದರು. ಪರೀಕ್ಷಾ ದಾಖಲೆಗಳನ್ನು ನಂಬಬಹುದೇ ಎಂಬುದು ತಕರಾರಿನ ಮುಖ್ಯ ಅಂಶವಾಗಿತ್ತು. ವಿಜ್ಞಾನ ಬಲ್ಲ ಕಡೆಯಲ್ಲೂ ದಾಖಲೆಯ ಶಿಸ್ತು ಸಡಿಲವಾಗಬಹುದು, ಹೊರಗಿನ ಕಣ್ಣು ಎಲ್ಲರಿಗೂ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಈ ಮಾತು ನಮ್ಮ ರಾಜ್ಯದ ಖರೀದಿಗೂ ಸಲ್ಲುತ್ತದೆ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ಬಿದ್ದದ್ದು ಸರ್ಕಾರಿ ಖರೀದಿಯ, ರಕ್ತನಾಳಕ್ಕೆ ಹಾಯಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಕಾರ್ಖಾನೆಗಳ ಶುಚಿತ್ವ, ದಾಖಲೆ, ಪರೀಕ್ಷೆಗಳ ನಿಯಮವಾದ ಶೆಡ್ಯೂಲ್ ಎಂ ಈಗ ಬಿಗಿಯಾಗಿ ಪರಿಷ್ಕೃತವಾಗಿದೆ, ಆದರೆ ನಿಯಮ ಇದ್ದ ಮಾತ್ರಕ್ಕೆ ಖರೀದಿದಾರನ ಹೊಣೆ ಮುಗಿಯುವುದಿಲ್ಲ. ಚಿಕಲಠಾಣಾ, ಸಿನ್ನರ್‌ಗಳಿಂದ ಪರದೇಶಕ್ಕೆ ಹೋದ ಮಾತ್ರೆಗೆ ಇದ್ದ ಷರತ್ತು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ಮಾತ್ರೆಗೂ ಇರಬೇಕು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರಿನಲ್ಲಿ ದರದ ಲಕೋಟೆ ತೆರೆಯುವ ಮೊದಲು ಕಾರ್ಖಾನೆಯ ತಪಾಸಣಾ ವರದಿಯನ್ನೂ, ಔಷಧಿ ರಕ್ತಕ್ಕೆ ಸೇರುವ ಪ್ರಮಾಣದ ದಾಖಲೆಯನ್ನೂ ಕೇಳಲಿ. ಪ್ರತಿ ಬ್ಯಾಚಿನ ಪರೀಕ್ಷಾ ಫಲಿತಾಂಶವನ್ನು ಸಾರ್ವಜನಿಕರು ನೋಡುವಂತೆ ಪ್ರಕಟಿಸಲಿ.