ಮೈಕ್ರೊಫೋನಿನ ಒಡೆತನ: ಒಂದು ಪೇಟೆಂಟ್ ವಿವಾದದ ಇತಿಹಾಸ

ಪೇಟೆಂಟ್ ಎಂಬುದು ರಾಜ್ಯಕ್ಕೂ ಶೋಧಕನಿಗೂ ನಡುವೆ ಆಗುವ ಒಂದು ಕರಾರು. ಶೋಧಕನು ತನ್ನ ರಹಸ್ಯವನ್ನು ಲೋಕಕ್ಕೆ ತಿಳಿಸುತ್ತಾನೆ. ಪ್ರತಿಯಾಗಿ ಕೆಲವು ವರ್ಷಗಳ ಏಕಸ್ವಾಮ್ಯವನ್ನು ಪಡೆಯುತ್ತಾನೆ. ಈ ವರ್ಷಗಳ ಎಣಿಕೆ ಎಂದಿನಿಂದ ಆರಂಭವಾಗಬೇಕೆಂಬ ಪ್ರಶ್ನೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಅಮೆರಿಕದ ಮೈಕ್ರೊಫೋನ್ ವಿವಾದವು ತೋರಿಸಿಕೊಟ್ಟಿತು.

ಬೆಲ್ ಕಂಪನಿಯು ಮೊದಲು ಬಳಕೆಗೆ ತಂದ ಟೆಲಿಫೋನಿನಲ್ಲಿ ಧ್ವನಿಯ ಬಲವೇ ವಿದ್ಯುತ್ತನ್ನು ಹುಟ್ಟಿಸಬೇಕಾಗಿತ್ತು. ಆದಕಾರಣ ದೂರ ಹೋದಂತೆ ಮಾತು ಕ್ಷೀಣಿಸುತ್ತಿತ್ತು. ಪರಸ್ಪರ ತಾಗಿರುವ ಎರಡು ವಸ್ತುಗಳ ಮೇಲಿನ ಒತ್ತಡವನ್ನು ಧ್ವನಿಯು ಬದಲಿಸುವಂತೆ ಮಾಡಿದರೆ, ಅವುಗಳ ಮೂಲಕ ಹರಿಯುವ ಬ್ಯಾಟರಿಯ ಪ್ರವಾಹವೂ ಮಾತಿಗೆ ತಕ್ಕಂತೆ ಏರಿಳಿಯುತ್ತದೆ. ಮೈಕ್ರೊಫೋನಿನ ತತ್ತ್ವ ಇದೇ.

ವಾಷಿಂಗ್ಟನ್ನಿನ ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿದ್ದ, ಜರ್ಮನಿಯಿಂದ ಬಂದ ಎಮಿಲ್ ಬರ್ಲಿನರನು 1877ರ ಏಪ್ರಿಲ್ 14ರಂದು ಈ ವಿಷಯದಲ್ಲಿ ಪೇಟೆಂಟ್ ಕಚೇರಿಗೆ ಮುನ್ಸೂಚನೆಯನ್ನು ಸಲ್ಲಿಸಿದನು. ಅದಾದ 13 ದಿನಗಳಿಗೆ ಎಡಿಸನ್ನನ ಅರ್ಜಿ ಬಂದಿತು. ಬರ್ಲಿನರನ ಪೂರ್ಣ ಅರ್ಜಿ ಬಂದುದು ಜೂನ್ 4ರಂದು. ಮರುವರ್ಷ ಇಂಗ್ಲೆಂಡಿನಲ್ಲಿ ಡೇವಿಡ್ ಹ್ಯೂಸನು ತನ್ನ ಉಪಕರಣವನ್ನು ಪ್ರಕಟಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಸರ್ವರ ಉಪಯೋಗಕ್ಕೆ ಬಿಟ್ಟನು. ಎಡಿಸನ್ನನಾದರೋ ಇದನ್ನು ತನ್ನ ಶೋಧದ ಅಪಹರಣವೆಂದೇ ಬಗೆದನು.

1878ರಲ್ಲಿ ಬರ್ಲಿನರನ ಹಕ್ಕುಗಳನ್ನು ಬೆಲ್ ಕಂಪನಿ ಕೊಂಡಿತು. 1879ರಲ್ಲಿ ವೆಸ್ಟರ್ನ್ ಯೂನಿಯನ್ ಕಂಪನಿಯೊಡನೆ ಆದ ಒಪ್ಪಂದದಿಂದ ಎಡಿಸನ್ನನ ಹಕ್ಕುಗಳೂ ಅದರ ವಶವಾದವು. ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಮನೆಯವರಾದ ಮೇಲೆ ಇತ್ಯರ್ಥಕ್ಕೆ ಅವಸರವೇನು? ಬರ್ಲಿನರನ ಪೇಟೆಂಟ್ ಹೊರಬಿದ್ದುದು 1891ರ ನವೆಂಬರ್ 17ರಂದು, ಅರ್ಜಿಯಾಗಿ 14 ವರ್ಷಗಳ ಮೇಲೆ. ಅಂದಿನ ಕಾನೂನಿನಲ್ಲಿ 17 ವರ್ಷಗಳ ಅವಧಿಯನ್ನು ಪೇಟೆಂಟ್ ಕೊಟ್ಟ ದಿನದಿಂದ ಎಣಿಸುತ್ತಿದ್ದರು. ಬೆಲ್‌ನ ಮೂಲ ಪೇಟೆಂಟ್ 1893ರಲ್ಲಿ ಮುಗಿಯುವುದಿದ್ದರೂ ಮೈಕ್ರೊಫೋನಿನ ಮೂಲಕ ಏಕಸ್ವಾಮ್ಯವು 1908ರವರೆಗೆ ಉಳಿಯುವಂತಾಯಿತು.

ಈ ವಿಳಂಬವನ್ನು ಮುಂದಿಟ್ಟು ಪೇಟೆಂಟನ್ನು ರದ್ದುಪಡಿಸಲು ಸರ್ಕಾರವೇ ದಾವೆ ಹೂಡಿತು. 1897ರಲ್ಲಿ ಸುಪ್ರೀಂ ಕೋರ್ಟು, ವಿಳಂಬಕ್ಕೆ ಕಂಪನಿಯೇ ಹೊಣೆಯೆಂಬುದು ಸಿದ್ಧವಾಗಲಿಲ್ಲವೆಂದು ಸರ್ಕಾರದ ವಾದವನ್ನು ತಳ್ಳಿಹಾಕಿತು. ಆದರೆ 1901ರಲ್ಲಿ ಮತ್ತೊಂದು ದಾವೆಯಲ್ಲಿ ಮ್ಯಾಸಚೂಸೆಟ್ಸಿನ ಫೆಡರಲ್ ನ್ಯಾಯಾಲಯವು, ಮಾತನ್ನು ಸಾಗಿಸುವುದರಲ್ಲಿ ಎಡಿಸನ್ನನೇ ಬರ್ಲಿನರನಿಗಿಂತ ಮೊದಲಿಗನೆಂದು ತೀರ್ಮಾನಿಸಿ ಪೇಟೆಂಟನ್ನು ಅಸಿಂಧುಗೊಳಿಸಿತು.

ಹೀಗೆ ಕಂಪನಿಯ ಏಕಸ್ವಾಮ್ಯವು ಮುರಿದುದು ಶೋಧದ ಹಿರಿತನದ ಪ್ರಶ್ನೆಯಿಂದಲೇ ಹೊರತು ವಿಳಂಬದ ದೋಷದಿಂದಲ್ಲ. ಆ ದೋಷಕ್ಕೆ ಅಮೆರಿಕದ ಶಾಸನವು ಮದ್ದು ಕಂಡುಕೊಂಡುದು ಬಹುಕಾಲದ ಅನಂತರ: 1995ರಿಂದ ಹೊಸ ಅರ್ಜಿಗಳಿಗೆ ಪೇಟೆಂಟಿನ ಅವಧಿಯನ್ನು ಅರ್ಜಿಯ ದಿನದಿಂದ 20 ವರ್ಷವೆಂದು ಗೊತ್ತುಮಾಡಲಾಯಿತು. ಕಾಲವನ್ನು ಕೈಯಲ್ಲಿಟ್ಟುಕೊಂಡವನೇ ಶೋಧದ ಒಡೆಯನಾಗುವ ದಾರಿ ಅಂದಿಗೆ ಬಹುಮಟ್ಟಿಗೆ ಮುಚ್ಚಿತು.