ಗಂಗಾಮೂಲದ ಹುಡುಗಿ, ಮರಾಠಿ ಬೈಬಲ್ (ಭಾಗ 6)

ಪಂಡಿತಾ ರಮಾಬಾಯಿ ಅಂದ್ರೆ ಪುಣೆಯವರು ಅಂದ್ಕೊಂಡಿದ್ದೀರಾ? ಹುಟ್ಟಿದ್ದು 1858ರಲ್ಲಿ, ನಮ್ಮ ತುಂಗಾ-ಭದ್ರಾ ಹುಟ್ಟೋ ಗಂಗಾಮೂಲದ ಕಾಡಲ್ಲಿ! ಹೆಂಡತಿಗೆ ಸಂಸ್ಕೃತ ಕಲಿಸಿ ಬೈಸಿಕೊಂಡ ಅಪ್ಪ ಅಲ್ಲಿ ಮನೆ ಮಾಡಿದ್ರು.

1874ರ ಹೊತ್ತಿನ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ತೀರಿಹೋದರು. 1880ರಲ್ಲಿ ಅಣ್ಣ. 1882ರಲ್ಲಿ ಕಾಲರಾ ಬಂದು ಗಂಡ. ವಯಸ್ಸಿನ್ನೂ 23, ಕೈಯಲ್ಲಿ ಹಸುಗೂಸು ಮನೋರಮಾ.

ಗಂಡ ಇದ್ದಾಗಲೇ ಅವರ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಆದ್ರೆ ಮನಸ್ಸಿಗೆ ನಾಟಿದ್ದು ಇಂಗ್ಲೆಂಡಿಗೆ ಹೋದ್ಮೇಲೆ ಓದಿದ ಇನ್ನೊಂದು ಕಥೆ: ಬಾವಿಯ ಹತ್ರ ಯೇಸು ಸಮಾರ್ಯದ ಹೆಣ್ಣಿನ ಜೊತೆ ಮಾತಾಡಿದ್ದು. ಯಾರೂ ಲೆಕ್ಕಕ್ಕಿಡದ ಹೆಂಗಸಿನ ಜೊತೆ, ಅದೂ ದೇವರ ವಿಷಯ! ಆ ಕಾಲದ ಒಬ್ಬ ವಿಧವೆಗೆ ಅದು ಹೇಗೆ ಕೇಳಿಸಿರಬೇಕು, ನೀವೇ ಯೋಚಿಸಿ. 1883ರಲ್ಲಿ ದೀಕ್ಷಾಸ್ನಾನ ತಗೊಂಡ್ರು. ಇಲ್ಲಿ ಸಿಟ್ಟಾದವರು ಕಮ್ಮಿ ಇರ್ಲಿಲ್ಲ.

ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಆ ಹೆಣ್ಣುಮಕ್ಕಳಿಗೂ ಅರ್ಥವಾಗೋ ಸರಳ ಮರಾಠಿಗೆ ತಂದ್ರು.

1921ರಲ್ಲಿ ಮನೋರಮಾನೂ ಹೋದಳು. ಅಮ್ಮ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತೀರಿಕೊಂಡಾಗ ಅದು ಮುಗಿದಿತ್ತು. 1924ರಲ್ಲಿ ಅದು ಅಚ್ಚಾಗಿ ಬಂತು, ಮುಕ್ತಿಯದೇ ಪ್ರೆಸ್‌ನಲ್ಲಿ, ಅಲ್ಲಿನ ಹೆಂಗಸರ ಕೈಯಿಂದಲೇ.